ನಾಲ್ಕುನೂರ ಹನ್ನೊಂದು ಕುಂಡಗಳ ಕೋಣೆ

ಡಾಕ್ಟರಮ್ಮ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡಿ, ಈ ಬೆಳ್ಳಗೆ ಕಾಣ್ತಿರೋದೆಲ್ಲಾ ಕಲ್ಲಿನ ಪುಡಿ ಮಾಡಿರೋ ಕೆಲಸ," ಎಂದಾಗ ಗಿಡಪ್ಪನಿಗೆ ಮೊದಲು ಅನಿಸಿದ್ದು, ಎಷ್ಟು ಚೆನ್ನಾಗಿ ಚಿಗುರಿದೆಯಲ್ಲ ಎಂದು. ಹೆಂಡತಿಯ ಎದೆಯೊಳಗೆ ಬಿಳಿ ಕವಲು, ಕವಲಿಗೊಂದು ಕವಲು, ತುದಿತುದಿಗೆ ಮೊಗ್ಗಿನಂಥ ಚುಕ್ಕೆ. ಇಪ್ಪತ್ತೆರಡು ವರ್ಷ ಸಸಿ ಮಾರಿದವನ ಕಣ್ಣು, ಏನು ಮಾಡೋದು. ಆಮೇಲೆ ಡಾಕ್ಟರಮ್ಮನ ಮುಖ ನೋಡಿದ. ಅಲ್ಲಿ ಚಿಗುರು ಗಿಗುರು ಏನೂ ಇರಲಿಲ್ಲ.

ಅವನಿಗೊಂದು ಸ್ವಂತ ಹೆಸರಿತ್ತು. ಅದನ್ನು ಕೂಗಿದರೆ ತಿರುಗಿ ನೋಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೀದಿಗೆಲ್ಲ ಅವನು ಗಿಡಪ್ಪ. ಮನೆಯ ಹಿಂದಿನ ಅಂಗಳದಲ್ಲಿ ಅವನ ಸಸಿ ಅಂಗಡಿ. ಅವನ ಕೈಗುಣದ ಬಗ್ಗೆ ಜನ ಏನೇನೋ ಹೇಳುತ್ತಾರೆ. ಎಲ್ಲ ನಂಬಬೇಕಾಗಿಲ್ಲ, ಊರುಗೋಲಿನ ವಿಷಯ ಮಾತ್ರ ನಿಜ. ಮುದುಕರೊಬ್ಬರು ಅಂಗಳದ ಒದ್ದೆ ಮಣ್ಣಿನಲ್ಲಿ ಊರುಗೋಲು ಊರಿಟ್ಟು ಮರೆತು ಹೋದರು. ಎರಡು ವಾರ ಬಿಟ್ಟು ಬಂದರೆ ಕೋಲಿನ ತಲೆಯಲ್ಲಿ ಐದು ಎಲೆ. ಮುದುಕರು ಅದನ್ನೇ ಊರಿಕೊಂಡು ಹೋದರು. ಬಿಸಿಲಿಗೆ ಕೊಡೆಯ ಖರ್ಚು ಉಳಿಯಿತು ಎಂದರಂತೆ.

ಹೆಂಡತಿಯದು ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಕೆಲಸ. ಅಡುಗೆಮನೆಯ ಕಟ್ಟೆಗೆ, ಮೆಟ್ಟಿಲಿಗೆ ಹಾಕುವ ಚಪ್ಪಡಿಗಳನ್ನು ಗ್ರೈಂಡರ್ ಹಿಡಿದು ಉಜ್ಜಿ ಉಜ್ಜಿ ಕನ್ನಡಿ ಮಾಡಬೇಕು. ಹದಿನೆಂಟು ವರ್ಷ ಮಾಡಿದಳು. ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಧೂಳು ಆ ಬಟ್ಟೆಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸಂಜೆ ಬಾಗಿಲಲ್ಲಿ ನಿಂತರೆ ರೆಪ್ಪೆಯಿಂದ ಹಿಮ್ಮಡಿವರೆಗೂ ಬಿಳಿ. "ನನಗೆ ಪೌಡರ್ ಖರ್ಚೇ ಇಲ್ಲ ನೋಡಿ, ಧಣಿಗಳು ಪುಕ್ಕಟೆ ಹಚ್ಚಿ ಕಳಿಸ್ತಾರೆ," ಎನ್ನುತ್ತಿದ್ದಳು. ನಾಲಿಗೆ ಅವಳದು, ಗ್ರೈಂಡರ್‌ಗಿಂತ ಚೂಪು.

"ವಾಸಿ ಆಗೋ ಕಾಯಿಲೆ ಅಲ್ಲ ಇದು," ಎಂದರು ಡಾಕ್ಟರಮ್ಮ. "ಆದ್ರೆ ದಿನಾ ಹದಿನಾರು ಗಂಟೆ ಆಕ್ಸಿಜನ್ ಮಷೀನು ಹಾಕ್ಕೊಂಡು, ಕೋಣೆ ಒಣಗಿರೋ ಹಾಗೆ, ಗಾಳಿ ಆಡೋ ಹಾಗೆ ಇಟ್ಕೊಂಡ್ರೆ ಇನ್ನೊಂದಷ್ಟು ವರ್ಷ ತಳ್ಳಬಹುದು."

ಈ ಮಾತಿನಲ್ಲಿ ಗಿಡಪ್ಪನ ಕಿವಿಯೊಳಕ್ಕೆ ಹೋಗಿದ್ದು ಒಂದೇ ಒಂದು ಪದ.

"ಆಕ್ಸಿಜನ್ ಅಂದ್ರೆ ಗಿಡ ಬಿಡೋದೇ ತಾನೇ ಡಾಕ್ಟ್ರೇ?"

"ಹೌದು. ಗಿಡ, ಮರ, ಸಮುದ್ರದ ಪಾಚಿ, ಎಲ್ಲ ಬಿಡ್ತವೆ. ಆದ್ರೆ..."

"ಅಷ್ಟು ಸಾಕು ಬಿಡಿ," ಎಂದು ಗಿಡಪ್ಪ ಎದ್ದೇಬಿಟ್ಟ. 'ಆದ್ರೆ' ಅಲ್ಲೇ ಕುರ್ಚಿಯ ಮೇಲೆ ಉಳಿಯಿತು.

ಮರುದಿನವೇ ಹೆಂಡತಿಯ ತಮ್ಮ ಮಷೀನು ಹೊತ್ತು ತಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ಯಂತ್ರ ಎಂದರೆ ಅವನಿಗೆ ಸ್ವಂತ ಬಂಧುಬಳಗ. ಮಂಚದ ಪಕ್ಕ ಇಟ್ಟು, ಕೊಳವೆಯನ್ನು ಅಕ್ಕನ ಮೂಗಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಗುರ್ರ್ ಎಂದಿತು. ಅಕ್ಕ ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿಸಿಕೊಂಡಳು.

"ನಿಲ್ಸೋ ತಮ್ಮಾ."

"ಯಾಕಕ್ಕಾ, ಗಾಳಿ ಬರ್ತಿಲ್ವಾ?"

"ಬರ್ತಿದೆ. ಹದಿನೆಂಟು ವರ್ಷ ಇದೇ ಸದ್ದು ಕೇಳ್ದೆ ಕಣೋ. ಕಣ್ಣು ಮುಚ್ಚಿದ್ರೆ ಶೆಡ್ಡಲ್ಲಿ ನಿಂತ ಹಾಗಾಗುತ್ತೆ. ಸಾಯೋ ಕಾಲಕ್ಕೂ ಡ್ಯೂಟಿಗೆ ಕರೀತಿದಾರೆ ಅನ್ಸುತ್ತೆ."

ತಮ್ಮ, ಭಾವನ ಮುಖ ನೋಡಿದ, ಒಂದು ಮಾತು ಗದರಿಸಲಿ ಎಂದು. ಭಾವ ಎಲ್ಲಿದ್ದ? ಅವನಾಗಲೇ ಕೋಣೆಯ ಉದ್ದ ಅಗಲವನ್ನು ಗೇಣಿನಲ್ಲಿ ಅಳೆಯುತ್ತಿದ್ದ.

"ಅಂಗಡಿ ಆಕ್ಸಿಜನ್ ಯಾಕಪ್ಪಾ," ಎಂದ ಗಿಡಪ್ಪ. "ನಮ್ಮನೆ ಹಿತ್ತಲಲ್ಲೇ ಬೆಳೆಯುತ್ತಲ್ಲ. ತಾಜಾ."

"ಭಾವ, ತಮಾಷೆ ಮಾಡೋ ಹೊತ್ತಾ ಇದು?"

"ನಾನು ಗಿಡದ ವಿಷಯದಲ್ಲಿ ಯಾವತ್ತಾದ್ರೂ ತಮಾಷೆ ಮಾಡಿದೀನಾ? ನಿಮ್ಮಕ್ಕನ್ನ ಕೇಳು."

"ಮಾಡಿಲ್ಲ," ಎಂದಳು ಹೆಂಡತಿ. "ನನ್ನ ವಿಷಯದಲ್ಲೂ ಮಾಡಿಲ್ಲ. ಮಾತೇ ಆಡಿಲ್ಲ ಅನ್ನಿ." ಮೂಗಿನ ಕೊಳವೆ ತೆಗೆದು ತಮ್ಮನ ಕೈಗಿಟ್ಟಳು. "ಆರು ವಾರ ಇವರದ್ದು ನೋಡೋಣ. ಆಗ್ಲಿಲ್ಲ ಅಂದ್ರೆ ನಿನ್ನ ಗುರ್‌ಗುರ್ ಇದ್ದೇ ಇದೆಯಲ್ಲ."

ಕಡ್ಡಿ ನೆಟ್ಟು ಗಿಡ ಮಾಡುವವರಿಗೆ ಒಂದು ಪದ್ಧತಿ ಇದೆ. ತಾಯಿಗಿಡದಿಂದ ಕತ್ತರಿಸಿದ ಕಡ್ಡಿಗೆ ಬೇರು ಇರುವುದಿಲ್ಲ; ಬಿಸಿಲಿಗೆ, ಗಾಳಿಗೆ ಇಟ್ಟರೆ ಒಣಗಿ ಹೋಗುತ್ತದೆ. ಅದಕ್ಕೇ ಮಬ್ಬುಬೆಳಕಿನ ಮೂಲೆಯಲ್ಲಿ, ಸುತ್ತ ಪ್ಲಾಸ್ಟಿಕ್ ಹಾಳೆ ಮುಚ್ಚಿ, ದಿನಕ್ಕೆ ಮೂರು ಹೊತ್ತು ಮಂಜಿನಂತೆ ನೀರು ಚಿಮುಕಿಸುತ್ತಾರೆ. ಆರು ವಾರಕ್ಕೆ ಬೇರು. ಅಷ್ಟರವರೆಗೆ ಎರಡು ಕಟ್ಟಳೆ. ಒಂದು, ಬೇರು ಬಂತಾ ಎಂದು ಕಿತ್ತು ನೋಡಬಾರದು. ಎರಡು, ಎಲೆ ಬಾಡಿ ಉದುರಿದರೆ ಹೆದರಬಾರದು. ಬೇರು ಬಿಡುವ ಮುಂಚೆ ಕಡ್ಡಿ ಒಮ್ಮೆ ಸತ್ತಂತೆ ಕಾಣುವುದೇ ಸರಿ.

ಗಿಡಪ್ಪ ಹೆಂಡತಿಯನ್ನು ಆ ಪದ್ಧತಿಗೆ ಹಾಕಿದ.

ಮಲಗುವ ಕೋಣೆಗೆ ಮೊದಲ ದಿನ ಅರವತ್ತು ಕುಂಡ ಹೋದವು. ವಾರದ ಕೊನೆಗೆ ನಾಲ್ಕುನೂರ ಹನ್ನೊಂದು. ಗೋಡೆಗೆ ಹಲಗೆ ಬಡಿದು ಸಾಲು ಸಾಲು, ಕಪಾಟಿನ ತಲೆಯ ಮೇಲೆ, ಮಂಚದ ಕೆಳಗೆ, ಮಷೀನು ಇಟ್ಟಿದ್ದ ಮೇಜಿನ ಮೇಲೆ. ಮಷೀನು ಹಜಾರಕ್ಕೆ ಹೋಗಿ ಚಪ್ಪಲಿಗಳ ಪಕ್ಕ ಕೂತಿತು. ಕಿಟಕಿಗೆ ಎರಡು ಪದರ ಪ್ಲಾಸ್ಟಿಕ್ ಹೊಡೆದು ಅಂಚಿಗೆ ಟೇಪು ಸುತ್ತಿದ. "ಇಷ್ಟು ಕಷ್ಟಪಟ್ಟು ಆಕ್ಸಿಜನ್ ಮಾಡ್ತವೆ, ಬೀದೀಲಿ ಹೋಗೋರಿಗೆಲ್ಲ ಯಾಕೆ ಹಂಚೋದು?" ಎಂದ.

ಸುದ್ದಿ ನಿಲ್ಲುತ್ತದೆಯೇ. ಪಕ್ಕದ ಮನೆಯ ದರ್ಜಿ ಮೂರನೆಯ ದಿನವೇ ಬಂದು ಬಾಗಿಲಲ್ಲಿ ನಿಂತ. ಆ ಕೋಣೆಯ ಗೋಡೆ, ಅವನ ಅಂಗಡಿಯ ಗೋಡೆ ಒಂದೇ. ಗೋಡೆಯ ಸಂದಿಯಿಂದ ಏನೋ ಸೋರುತ್ತಿದೆ, ತನ್ನ ಇಸ್ತ್ರಿಪೆಟ್ಟಿಗೆಯ ಕೆಂಡ ಊದದೆಯೇ ನಿಗಿನಿಗಿ ಉರಿಯುತ್ತಿದೆ ಎಂದ. ದರ್ಜಿ ಸುಳ್ಳು ಹೇಳುವುದು ಬಟ್ಟೆ ಯಾವತ್ತು ಕೊಡುತ್ತೇನೆ ಎನ್ನುವ ವಿಷಯದಲ್ಲಿ ಮಾತ್ರ, ಆದ್ದರಿಂದ ಇದನ್ನು ನಂಬಬಹುದು. ಮನಿಪ್ಲಾಂಟಿನ ಬಳ್ಳಿ ಫ್ಯಾನಿನ ರೆಕ್ಕೆ ಹಿಡಿದು, ಅಲ್ಲಿಂದ ತಂತಿಗುಂಟ ಇಳಿದು ಸ್ವಿಚ್ಚಿನ ಹತ್ತಿರ ಬಂದು ನಿಂತಿತ್ತು. "ಇನ್ನೊಂದು ಗೆಣ್ಣು ಬೆಳೆದ್ರೆ ದೀಪ ತಾನೇ ಆರಿಸುತ್ತೆ," ಎಂದಳು ಹೆಂಡತಿ. "ಮನೇಲಿ ಒಬ್ರಾದ್ರೂ ನೆನಪಿಟ್ಟು ಆರಿಸೋರು ಸಿಕ್ಕಿದ್ರು."

ಮೊದಲ ಎರಡು ವಾರ ಅವಳು ನಿಜಕ್ಕೂ ಚೇತರಿಸಿಕೊಂಡಳು. ಒದ್ದೆ ಗಾಳಿಗೆ ಒಣ ಕೆಮ್ಮು ತಗ್ಗಿತು. ತಮ್ಮ ತಂದುಕೊಟ್ಟಿದ್ದ, ಬೆರಳಿಗೆ ಕಚ್ಚಿಸಿ ರಕ್ತದ ಆಕ್ಸಿಜನ್ ಅಳೆಯುವ ಮೀಟರು ಎಂಬತ್ತೆಂಟರಿಂದ ತೊಂಬತ್ತಕ್ಕೆ ಏರಿತು. ಗಿಡಪ್ಪ ಆ ತೊಂಬತ್ತನ್ನು ಬೀದಿಯ ತುದಿವರೆಗೂ ಹೋಗಿ ಹೇಳಿಬಂದ.

ಇನ್ನೊಂದೂ ಆಯಿತು. ನೀರು ಚಿಮುಕಿಸಲು ದಿನಕ್ಕೆ ಮೂರು ಸಲ ಒಳಗೆ ಬರುವವನು ಅಲ್ಲೇ ಕೂರತೊಡಗಿದ. ಗಿಡಗಳ ಹತ್ತಿರ ಮಾತಾಡುವ ಚಾಳಿ ಅವನಿಗೆ ಮೊದಲಿನಿಂದ ಇತ್ತು. ಎಲೆ ಒರೆಸುತ್ತ, "ಏನಮ್ಮಾ, ಬಿಸಿಲು ಸಾಲ್ತಾ ಇಲ್ವಾ?" ಎನ್ನುವನು. ಹಾಸಿಗೆಯ ಸಾಲಿಗೆ ಬಂದಾಗ ಬಾಯಿ ತಾನಾಗಿ ಮುಂದುವರಿಯುತ್ತಿತ್ತು: "ನಿನಗೇನಮ್ಮಾ, ಕಾಲು ತಣ್ಣಗಿದೆಯಾ?" ಮೊದಲ ಸಲ ಕೇಳಿದಾಗ ಅವಳು ಹಿಂದೆ ಯಾರಾದರೂ ಇದ್ದಾರಾ ಎಂದು ತಿರುಗಿ ನೋಡಿದಳು. ಆಮೇಲೆ ರೂಢಿಯಾಯಿತು. ಮದುವೆಯ ಮೊದಲ ವರ್ಷ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಪ್ಲಾಸ್ಟಿಕ್ಕಿನೊಳಗೆ ನಡೆಯಿತು.

ಮೂರನೆಯ ವಾರ ಮೀಟರು ಎಂಬತ್ತಾರು ತೋರಿಸಿತು. ಗಿಡಪ್ಪ ಸೆಲ್ ಬದಲಾಯಿಸಿದ. ಎಂಬತ್ತೈದು ಎಂದಿತು. ಮೀಟರೇ ಕೆಟ್ಟಿದೆ ಎಂದು ಅದನ್ನು ಸೇವಂತಿಗೆ ಕುಂಡದಲ್ಲಿ ಹಾಕಿದ.

ಅವಳ ಮಾತು ಗಿಡ್ಡವಾಗತೊಡಗಿತು. ಮೊದಲೆಲ್ಲ ಒಂದು ಕುಹಕಕ್ಕೆ ಹತ್ತು ಪದ ಬಳಸುತ್ತಿದ್ದವಳು ಆರಕ್ಕೆ ಇಳಿದಳು, ಆಮೇಲೆ ಮೂರಕ್ಕೆ. ಊಟ ಅರ್ಧವಾಯಿತು. ಕೂದಲು ದಿಂಬಿಗೆ ಹತ್ತತೊಡಗಿತು. ತಮ್ಮ ಭಾನುವಾರ ಬಂದವನು ಪ್ಲಾಸ್ಟಿಕ್ ಎತ್ತಿ ಒಳಗೆ ಕಾಲಿಟ್ಟು, ಮೂಗು ಮುಚ್ಚಿಕೊಂಡ.

"ಭಾವ, ಏನೋ ಮುಗ್ಗಲು ವಾಸನೆ. ಅಕ್ಕ ಇಳಿದುಹೋಗಿದಾಳೆ. ಇವತ್ತೇ ಆಸ್ಪತ್ರೆಗೆ ಹೋಗೋಣ."

"ಎಲೆ ಉದುರೋ ಹೊತ್ತು ಇದು," ಎಂದ ಗಿಡಪ್ಪ, ತುಂಬ ತಾಳ್ಮೆಯಿಂದ. "ಈಗ ಕಿತ್ರೆ ಎಲ್ಲ ಕೆಡುತ್ತೆ. ಇನ್ನು ಎರಡು ವಾರ. ಬೇರು ಹಿಡೀತಾ ಇದೆ."

"ಅಕ್ಕಂಗೆ ಬೇರು ಎಲ್ಲಿಂದ ಬರುತ್ತೆ ಭಾವ!"

"ನಿನಗೆ ಲಿಫ್ಟ್ ಗೊತ್ತು, ನನಗೆ ಇದು ಗೊತ್ತು."

ತಮ್ಮ, ಅಕ್ಕನ ಕಡೆ ತಿರುಗಿದ. "ನೀನಾದ್ರೂ ಹೇಳಕ್ಕಾ. ಉಸಿರು ಸರಾಗ ಆಡ್ತಿದೆಯಾ?"

ಅವಳು ಗಂಡನನ್ನು ನೋಡಿದಳು. ಅವನು ಒಂದು ಕೈಯಲ್ಲಿ ಸ್ಪ್ರೇ ಕ್ಯಾನು, ಇನ್ನೊಂದರಲ್ಲಿ ಎಲೆ ಒರೆಸುವ ಬಟ್ಟೆ ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ನಿಂತಿದ್ದ.

"ಆರಾಮ್ ಇದೀನಿ," ಎಂದಳು.

ಎರಡೇ ಪದ. ತಮ್ಮ ಎದ್ದು ಹೋದ. ಹೋಗುವಾಗ ಬಾಗಿಲನ್ನು ಎಷ್ಟು ಜೋರಾಗಿ ಎಳೆದನೆಂದರೆ ಕಪಾಟಿನ ಮೇಲಿನ ಮೂರು ಕುಂಡ ಬಿದ್ದವು. ಗಿಡಪ್ಪ ಸಂಜೆಯೊಳಗೆ ಲೆಕ್ಕ ಮತ್ತೆ ಸರಿಮಾಡಿದ.

ಐದನೆಯ ವಾರದ ಬುಧವಾರ ಬೆಳಿಗ್ಗೆ ಹಾಸಿಗೆಯ ಹಿಂದಿನ ಸಾಲಿನ ಕುಂಡಗಳನ್ನು ತಿರುಗಿಸಿಡಲು ಎಳೆದಾಗ ಗೋಡೆ ಕಾಣಿಸಿತು. ನೆಲದಿಂದ ಎದೆಯೆತ್ತರಕ್ಕೆ ಕಪ್ಪು. ಕೈಯಿಂದ ಮುಟ್ಟಿದ, ವೆಲ್ವೆಟ್ಟಿನ ಹಾಗೆ ಮೆತ್ತಗಿತ್ತು. ಊದಿದರೆ ಹೊಗೆಯಂತೆ ಎದ್ದಿತು. ದಿಂಬು ಮಗುಚಿದ, ಅದರ ಅಡಿಯೂ ಹಾಗೇ. ಬೂಷ್ಟು. ಸಸಿ ಮನೆಯಲ್ಲಿ ಇದನ್ನು ಕಂಡರೆ ಅವನು ಆ ಇಡೀ ಹಲಗೆಯ ಕಡ್ಡಿಗಳನ್ನು ಕಿತ್ತು ಸುಡುತ್ತಿದ್ದ. ಇಲ್ಲಿ ಏನು ಮಾಡಬೇಕೆಂದು ತೋಚದೆ ಸ್ಪ್ರೇ ಕ್ಯಾನು ಹಿಡಿದು ನಿಂತಿದ್ದಾಗ ಹಿಂದಿನಿಂದ ಹೆಂಡತಿ ಕೆಮ್ಮಿದಳು. ಹೊದಿಕೆಯ ಮೇಲೆ ರಕ್ತ ಬಿತ್ತು.

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಅವಳಿಗೆ ಮಾಸ್ಕು ಹಾಕಿದರು. ಗೋಡೆಯೊಳಗಿನ ಕೊಳವೆಯಿಂದ ಆಕ್ಸಿಜನ್ ಸುಯ್ಯೆನ್ನುತ್ತ ಬರುತ್ತಿತ್ತು. ನರ್ಸು ಗಿಡಪ್ಪನ ಉಗುರಿನ ಮಣ್ಣು ನೋಡಿ ಮೂರು ಸಲ ಕೈ ತೊಳೆಸಿದಳು. ಡಾಕ್ಟರಮ್ಮ ಅವನನ್ನೂ ತಮ್ಮನನ್ನೂ ಹೊರಗೆ ಬೆಂಚಿನ ಹತ್ತಿರ ಕರೆದರು.

"ನಾನು ಒಣಗಿರೋ ಕೋಣೆ ಅಂದಿದ್ದೆ," ಎಂದರು.

"ಆಕ್ಸಿಜನ್‌ಗೆ ಅಂತ ಗಿಡ ಇಟ್ಟೆ ಡಾಕ್ಟ್ರೇ. ನಾಲ್ಕುನೂರ ಹನ್ನೊಂದು."

ಡಾಕ್ಟರಮ್ಮನಿಗೆ ಬೈಯಬೇಕೆಂದು ಬಾಯಿಗೆ ಬಂದಿತ್ತು. ಮುಖ ನೋಡಿ ನುಂಗಿಕೊಂಡರು. "ನೋಡಿ, ಮುಚ್ಚಿದ ಕೋಣೇಲಿ, ಆ ಮಬ್ಬಲ್ಲಿ, ಅಷ್ಟೂ ಗಿಡ ಸೇರಿ ಇಡೀ ದಿನ ಮಾಡೋ ಆಕ್ಸಿಜನ್ನು ಒಬ್ಬ ಮನುಷ್ಯನಿಗೆ ಒಂದೆರಡು ಗಂಟೆ ಬರೋದೂ ಕಷ್ಟ. ಬೆಳಕು ಹೋದ್ಮೇಲೆ ಅವೂ ನಮ್ಮ ಹಾಗೇ ಉಸಿರಾಡ್ತವೆ. ನಾವು ಉಸಿರಾಡೋದು ನಮ್ಮ ಕೋಣೆಯ ಗಿಡದ್ದಲ್ಲ ಸ್ವಾಮಿ. ಪ್ರಪಂಚದ ಕಾಡು, ಸಮುದ್ರ ಎಲ್ಲ ಸೇರಿ ಎಷ್ಟೋ ಕಾಲದಿಂದ ತುಂಬಿಟ್ಟಿರೋದು. ಕಿಟಕಿ ತೆಗೆದ್ರೆ ಅದೇ ಬರುತ್ತೆ."

"ಹಾಗಾದ್ರೆ ಇವಳಿಗೆ ಕಮ್ಮಿ ಬಿದ್ದಿದ್ದು ಎಲ್ಲಿ?"

"ಗಾಳೀಲಿ ಕಮ್ಮಿ ಇರ್ಲೇ ಇಲ್ಲ. ಒಳಗೆ ಬಿಟ್ಕೊಳ್ಳೋ ಬಾಗಿಲು ಕಲ್ಲಾಗಿತ್ತು. ಮಷೀನು ಇದ್ದಿದ್ರೆ ಸ್ವಲ್ಪ ದೂಡಿ ಒಳಗೆ ಕಳಿಸ್ತಿತ್ತು. ಈಗ ಉಳಿದಿದ್ದ ಸಂದಿಯಲ್ಲಿ ಬೂಷ್ಟು ಬೆಳೆದಿದೆ. ಕುಂಡದ ಗೊಬ್ಬರದಿಂದ ಬಂದಿದ್ದು."

ಗಿಡಪ್ಪ ತಲೆಯಾಡಿಸಿದ. ಎಲ್ಲ ಅರ್ಥವಾಯಿತು. ಅವನ ಕಸುಬಿನ ಭಾಷೆಯಲ್ಲೇ ಹೇಳಿದ್ದರು. ಅರ್ಥವಾಗದಿರಲು ದಾರಿ ಇರಲಿಲ್ಲ. ಹೆಂಡತಿಯ ತಮ್ಮ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದ.

ಮೂರು ದಿನ ಗಿಡಪ್ಪ ಹಾಸಿಗೆಯ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಅವಳು ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು. ಅವನು ಗಾಬರಿಯಿಂದ ಮತ್ತೆ ಮೇಲೇರಿಸಲು ಹೋದರೆ ಕೈ ತಟ್ಟಿದಳು.

"ಗೊತ್ತಿತ್ತು," ಎಂದಳು.

"ಏನು?"

ಒಂದೊಂದು ಉಸಿರಿಗೆ ಒಂದೊಂದು ತುಂಡು ಹೊರಬಂತು. "ಆ ಕೋಣೆ ಆಗಿ ಬರ್ತಿಲ್ಲ ಅಂತ. ಮೂರನೇ ವಾರದಿಂದಾನೇ."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತೇ ನಿನಗೆ?" ಅವನ ದನಿ ವಾರ್ಡಿಗೆಲ್ಲ ಕೇಳಿತು. "ಊರಿಗೆಲ್ಲ ಬಾಯಿ ಮಾಡ್ತೀಯ, ಇದೊಂದು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ... ಕುಂಡ ಎಲ್ಲ ಹೊರಗೆ ಹೋಗ್ತಿತ್ತು. ನೀವೂ... ಅದರ ಹಿಂದೆ ಹೋಗ್ತಿದ್ರಿ." ಮಾಸ್ಕು ಏರಿಸಿ ನಾಲ್ಕು ಸಲ ಎಳೆದುಕೊಂಡು ಮತ್ತೆ ಇಳಿಸಿದಳು. "ಇಪ್ಪತ್ತೆರಡು ವರ್ಷಕ್ಕೆ... ನನ್ನ ಸರದಿ ಬಂದಿತ್ತು ರೀ."

ಗಿಡಪ್ಪ ಸ್ಟೂಲಿನ ಸಮೇತ ಕಾಲಿನ ಹತ್ತಿರ ಸರಿದು ಹೊದಿಕೆ ಎಳೆದು ಸರಿಮಾಡಿದ. ಪಾದ ತಣ್ಣಗಿತ್ತು.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಹೋದಳು. ಬಿಸಿಲು ಚುರುಕಾಗಿ, ಎಲೆಗಳು ಮೈಮುರಿದು ದುಡಿಯುವ ಹೊತ್ತು. ಕೊಳವೆಯ ಸುಯ್ಯೆನ್ನುವ ಸದ್ದು ನರ್ಸು ಬಂದು ತಿರುಪು ತಿರುಗಿಸುವವರೆಗೂ ನಿಲ್ಲಲಿಲ್ಲ.

ಕೆಳಗಿನ ಕೋಣೆಯಲ್ಲಿ ಡಾಕ್ಟರಮ್ಮ ಫಾರಂ ತುಂಬಿಸುತ್ತಿದ್ದರು. ಸಾವಿನ ಕಾರಣ ಎಂಬಲ್ಲಿ ಬರೆದದ್ದನ್ನು ತಮ್ಮ ಮೆಲ್ಲಗೆ ಓದಿ ಹೇಳಿದ: ಕಲ್ಲಿನ ಧೂಳಿನಿಂದ ಶ್ವಾಸಕೋಶದ ಕಾಯಿಲೆ, ಅದರ ಮೇಲೆ ಬೂಷ್ಟಿನ ಸೋಂಕು.

"ನನ್ನನ್ನ ಬರೀಲಿಲ್ಲ," ಎಂದ ಗಿಡಪ್ಪ.

ಡಾಕ್ಟರಮ್ಮ ತಲೆಯೆತ್ತಿದರು. "ಏನು?"

"ಬೂಷ್ಟು ತಾನಾಗಿ ಬರ್ಲಿಲ್ಲ ಡಾಕ್ಟ್ರೇ. ನಾನು ಮೂರು ಹೊತ್ತು ನೀರು ಹಾಕಿ ಬೆಳೆಸಿದ್ದು. ಅದನ್ನೂ ಬರೀರಿ."

"ಹದಿನೆಂಟು ವರ್ಷದ ಧೂಳು ಅದು. ನಿಮ್ಮದು ಐದು ವಾರ."

"ಐದು ವಾರ ಅಂತಾನೇ ಬರೀರಿ. ಹೆಚ್ಚು ಬೇಡ, ಕಮ್ಮೀನೂ ಬೇಡ."

"ಈ ಫಾರಮ್ಮಲ್ಲಿ ಅದಕ್ಕೆ ಜಾಗ ಇಲ್ಲ," ಎಂದರು ಡಾಕ್ಟರಮ್ಮ. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. "ಶೆಡ್ಡಿನವರ ಹೆಸರಿಗೂ ಇಲ್ಲ, ನೋಡಿ."

ಎಲ್ಲ ಮುಗಿದ ಮಾರನೆಯ ಬೆಳಿಗ್ಗೆ ಗಿಡಪ್ಪ ಹಿಂದಿನ ಅಂಗಳಕ್ಕೆ ಬಂದ. ತಮ್ಮ ಯಾವ ಮಾಯದಲ್ಲೋ ಕೋಣೆ ಖಾಲಿ ಮಾಡಿ, ಗೋಡೆಗೆ ಸುಣ್ಣ ಬಳಿದು, ಅಷ್ಟೂ ಕುಂಡಗಳನ್ನು ಹೊರಗೆ ಜೋಡಿಸಿದ್ದ. ಗಿಡ ಕಂಡರಾಗದ ಅವನು ದೊಡ್ಡದು ಹಿಂದೆ, ಚಿಕ್ಕದು ಮುಂದೆ ಎಂದು ಸರಿಯಾಗಿಯೇ ಇಟ್ಟಿದ್ದ. ಬಿಸಿಲು, ಗಾಳಿ ಸಿಕ್ಕಿ ಅವು ಎರಡೇ ದಿನದಲ್ಲಿ ಸೆಟೆದು ನಿಂತಿದ್ದವು. ಎಲೆ ಎಲೆಯೂ ಹೊಳೆಯುತ್ತಿತ್ತು. ಒಂದಕ್ಕೂ ನಾಚಿಕೆ ಇರಲಿಲ್ಲ.

ಗಿಡಪ್ಪನಿಗೆ ಗೊತ್ತಿತ್ತು, ಈ ಕ್ಷಣದಲ್ಲೂ ಅವು ತಯಾರಿಸುತ್ತಿವೆ. ಯಾರೂ ಕೇಳದೆ, ಯಾರಿಗೆ ಎಂದು ನೋಡದೆ. ಎದುರಿಗೆ ನಿಂತವನು ತಾನು; ಮೊದಲು ಸಿಗುವುದು ತನಗೆ. ಅದು ಅವನಿಗೆ ಬೇಡವೆನಿಸಿತು. ಬಾಯಿ ಬಿಗಿದ. ಎರಡು ಬೆರಳಿನಿಂದ ಮೂಗು ಹಿಡಿದ.

ಅವನು ಹಾಗೆ ನಿಂತದ್ದು ಮುಕ್ಕಾಲು ಗಂಟೆ ಎಂದು ಬೀದಿಯವರು ಹೇಳುತ್ತಾರೆ. ಅಷ್ಟರಲ್ಲಿ ಗಿಡಗಳೆಲ್ಲ ಹೆದರಿ ಎಲೆ ಮಡಚಿಕೊಂಡವು ಎಂದೂ ಸೇರಿಸುತ್ತಾರೆ. ಬೀದಿಯವರ ಬಾಯಿ ಹಿಡಿಯುವವರು ಯಾರು. ಹೆಂಡತಿಯ ತಮ್ಮ, ಹಿತ್ತಿಲ ಬಾಗಿಲಲ್ಲಿ ಸುಣ್ಣದ ಬಕೆಟ್ಟು ಹಿಡಿದು ನೋಡುತ್ತಿದ್ದ. ಅವನ ಪ್ರಕಾರ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು.

"ಭಾವ," ಎಂದ ತಮ್ಮ, ಬಕೆಟ್ಟು ಕೆಳಗಿಟ್ಟು. "ಭಾವ, ಬೇಡ."

ಗಿಡಪ್ಪ ಕೈ ಬಿಡಲಿಲ್ಲ. ಕೈಯನ್ನು ಕೇಳದೆಯೇ ಬಾಯಿ ತೆರೆದುಕೊಂಡಿತು. ಒಣ ಬಾವಿಗೆ ಕೊಡ ಇಳಿಬಿಟ್ಟಂಥ ಸದ್ದು ಮಾಡಿ ಎದೆ ತನಗೆ ಬೇಕಾದಷ್ಟನ್ನು ಎಳೆದುಕೊಂಡಿತು. ಅವನು ಒಂದು ಕುಂಡದ ಅಂಚು ಹಿಡಿದು ಕುಕ್ಕರಿಸಿದ. ಹಿಂದೆಯೇ ಇನ್ನೊಂದು ಉಸಿರು ಬಂತು. ಅದನ್ನಾದರೂ ತಡೆಯೋಣವೆಂದರೆ ಅಷ್ಟರಲ್ಲಿ ಮೂರನೆಯದೂ ಬಂದಾಗಿತ್ತು.